ಜೆರಾಕ್ಸ್ ಅಂಗಡಿ ಅಣ್ಣನಿಗೆ ಥ್ಯಾಂಕ್ಸ್

ದಾವಣಗೆರೆ ಜಯದೇವ ಸರ್ಕಲ್ ಹತ್ರ ಜೆರಾಕ್ಸ್ ಅಂಗಡೀಲಿದ್ದ ಅಣ್ಣ, ನಿಮ್ ಹೆಸರೂ ಗೊತ್ತಿಲ್ಲ. ತಂಗಿ ಪ್ರಾಜೆಕ್ಟ್ ರಿಪೋರ್ಟ್ ಸಂಜೆಯೊಳಗೆ ಪ್ರಿಂಟ್ ಆಗ್ಬೇಕಿತ್ತು, ಉಬುಂಟು (ವಿಂಡೋಸ್ ತರದ್ದೇ ಇನ್ನೊಂದು ಸಿಸ್ಟಮ್) ಇರೋ ಕಂಪ್ಯೂಟರ್ ಆನ್ ಮಾಡಿದ್ರೆ ಬರೀ ಕಪ್ಪು ಸ್ಕ್ರೀನು, ಲಾಗಿನ್ನೇ ಬರ್ತಿಲ್ಲ, ಅವ್ಳು ಅಳೋಕೇ ಶುರು ಮಾಡಿದ್ಲು. ಎಲ್ರೂ ಫಾರ್ಮ್ಯಾಟ್ ಮಾಡ್ಸಿ ಅಂದ್ರು. ನೀವು ಮಾತ್ರ "ಫೈಲ್ ಎಲ್ಲೂ ಹೋಗಿರಲ್ಲಮ್ಮ, ಕೂತ್ಕೋ" ಅಂತ ಸ್ಟೂಲ್ ಎಳ್ದು ಕೊಟ್ಟು, ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಬರೀ ಕಮಾಂಡ್ ಟೈಪ್ ಮಾಡೋ ಟರ್ಮಿನಲ್ಲಲ್ಲಿ ಲಾಗಿನ್ ಆಗಿ ನೋಡಿದ್ರೆ ಡಿಸ್ಕ್ 100% ತುಂಬಿತ್ತು! ಜಾಗ ಇಲ್ದಿದ್ರೆ ಡೆಸ್ಕ್‌ಟಾಪ್‌ಗೆ ತನ್ನ ಸಣ್ಣಪುಟ್ಟ ಫೈಲೂ ಬರ್ಕೊಳ್ಳೋಕಾಗಲ್ಲ, ಅದಕ್ಕೇ ಶುರು ಆಗಲ್ಲ ಅಂದ್ರಿ. ಹಳೇ ಲಾಗು (ಸಿಸ್ಟಮ್ ತಾನೇ ಬರ್ಕೊಂಡಿರೋ ದಾಖಲೆ), ಆಪ್ಟ್ ಕ್ಯಾಶ್ (ಸಾಫ್ಟ್‌ವೇರ್ ಹಾಕ್ಕೊಂಡಾಗ ಉಳ್ದಿರೋ ಡೌನ್‌ಲೋಡ್ ಫೈಲು) ಅಷ್ಟೇ ತೆಗೆದ್ರಿ, ಅದೂ ಒಂದೊಂದು ಕಮಾಂಡಿಗೂ ಮುಂಚೆ "ಇದು ನಿನ್ ರಿಪೋರ್ಟ್ ಮುಟ್ಟಲ್ಲ" ಅಂತ ಅವ್ಳಿಗೆ ಹೇಳಿ. ಲಾಗಿನ್ ಸ್ಕ್ರೀನ್ ಬಂದಾಗ ಹೋದ ಜೀವ ಬಂದಂಗಾಯ್ತು. ದುಡ್ಡು ಬರೀ ಪ್ರಿಂಟಿಂದಷ್ಟೇ ತಗೊಂಡ್ರಿ. ತುಂಬಾ ಥ್ಯಾಂಕ್ಸ್ ಅಣ್ಣಾ, ರಿಪೋರ್ಟ್ ಟೈಮಿಗೆ ಕೊಟ್ವಿ.