ಮೇವಿನ ಕೊಯ್ಲಿನಲ್ಲಿ ಜೇನಿನ ಪಾಲು

ಮಾನ್ಯ ಸಂಪಾದಕರೇ,

ಹೈನುಗಾರಿಕೆ ಮತ್ತು ಜೇನು ಸಾಕಣೆಯ ಕುರಿತ ಸಲಹೆಗಳು ಪತ್ರಿಕೆಗಳ ಕೃಷಿ ಪುಟಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಪ್ರಕಟವಾಗುತ್ತವೆ. ಎರಡನ್ನೂ ಒಂದೇ ಸಣ್ಣ ಹಿಡುವಳಿಯಲ್ಲಿ ನಡೆಸುವವರಿಗೆ ಒಂದರ ಸಲಹೆ ಇನ್ನೊಂದಕ್ಕೆ ಅಡ್ಡಿಯಾಗುವುದುಂಟು.

ಕುದುರೆ ಮಸಾಲೆಯಂತಹ ದ್ವಿದಳ ಮೇವನ್ನು ಶೇಕಡಾ 10ರಷ್ಟು ಹೂಬಿಟ್ಟ ಹೊತ್ತಿಗೆ ಕೊಯ್ಯಬೇಕೆಂದು ಹೈನುಗಾರರಿಗೆ ಹೇಳಲಾಗುತ್ತದೆ. ಅದು ಸರಿಯೇ, ಹೂ ತುಂಬಿದ ಮೇಲೆ ಕಾಂಡ ಬಲಿತು ನಾರು ಹೆಚ್ಚುತ್ತದೆ, ಪ್ರೋಟೀನ್ ಇಳಿಯುತ್ತದೆ, ಹಸುವೂ ಕಡ್ಡಿಯನ್ನು ಗೋದಲಿಯಲ್ಲೇ ಬಿಡುತ್ತದೆ. ಆದರೆ ಜೇನಿಗೆ ಬೇಕಾದದ್ದು ಆ ಹೂವೇ. ಇಡೀ ತಾಕನ್ನು ಒಂದೇ ಸಲ ಕೊಯ್ದರೆ, ನಿನ್ನೆಯವರೆಗೆ ಮಕರಂದ ಹೊತ್ತು ತರುತ್ತಿದ್ದ ಜೇನು ಕುಟುಂಬಕ್ಕೆ (ಒಂದೇ ಗೂಡಿನ ನೊಣಗಳಿಗೆ) ಇಂದು ಏನೂ ಉಳಿಯುವುದಿಲ್ಲ. ತಾಕನ್ನು ಪಟ್ಟಿಗಳಾಗಿ ವಿಂಗಡಿಸಿ ಸರದಿಯಂತೆ ಕೊಯ್ಯುತ್ತ, ಬದುವಿನ ಪಕ್ಕದ ಒಂದು ಪಟ್ಟಿಯನ್ನು ಹೂವಿಗೆ ಬಿಡುವುದು ಉತ್ತಮ. ಆ ಪಟ್ಟಿಯ ಬಲಿತ ಮೇವು ಕರೆಯುವ ಹಸುವಿಗೆ ಸಾಲದಿದ್ದರೂ ಹಾಲು ಬತ್ತಿದ ಹಸುಗಳಿಗೆ ನಡೆಯುತ್ತದೆ.

ಇನ್ನು ಋತುಮಾನದ ಲೆಕ್ಕಾಚಾರ. ಹಸುವಿನ ಗರ್ಭಾವಧಿ ಸುಮಾರು 280 ದಿನಗಳಾದ್ದರಿಂದ, ಹಸಿರು ಮೇವು ಹೇರಳವಾಗಿರುವಾಗ ಕರು ಹಾಕಬೇಕೆಂದರೆ ಒಂಬತ್ತು ತಿಂಗಳ ಮುಂಚೆಯೇ ಯೋಚಿಸಬೇಕೆಂಬುದು ಎಲ್ಲರಿಗೂ ತಿಳಿದಿದೆ. ಜೇನಿನ ಲೆಕ್ಕ ಚಿಕ್ಕದು, ತಪ್ಪುವುದು ಮಾತ್ರ ಅದೇ ಹೆಚ್ಚು. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು 20 ದಿನಗಳು, ಅದು ಗೂಡಿನೊಳಗಿನ ಕೆಲಸ ಮುಗಿಸಿ ಹೂವಿನತ್ತ ಹಾರಲು ಮತ್ತೆ ಎರಡು ಮೂರು ವಾರಗಳು ಬೇಕಾಗುವುದರಿಂದ, ಹೂ ಕಂಡ ಮೇಲೆ ಕುಟುಂಬವನ್ನು ಬಲಪಡಿಸಲು ಹೊರಟರೆ ಹೂವಿನ ಕಾಲವೇ ಕಳೆದಿರುತ್ತದೆ. ಮಳೆ ಹಿಡಿದು ನೊಣಗಳು ಹೊರಡಲಾಗದ ದಿನಗಳಲ್ಲಿ ಸಕ್ಕರೆ ಪಾಕ ಕೊಟ್ಟು ಕಾಪಾಡದಿದ್ದರೆ, ಕ್ಷೀಣಿಸಿದ ಕುಟುಂಬದ ಎರಿಗಳಿಗೆ, ಅವುಗಳ ಮೇಣವನ್ನು ತಿಂದು ಹಾಳುಮಾಡುವ ಮೇಣದ ಪತಂಗ ಬೀಳುತ್ತದೆ.

ಜೇನು ಪೆಟ್ಟಿಗೆಗಳನ್ನು ಕೊಟ್ಟಿಗೆಯಿಂದಲೂ ದನ ಓಡಾಡುವ ದಾರಿಯಿಂದಲೂ ದೂರವಿಡಬೇಕು. ನೊಣ ಕೆರಳಿದಾಗ ಬಿಟ್ಟ ದನ ಓಡಬಲ್ಲದು, ಕಟ್ಟಿದ ದನ ಓಡಲಾರದು. ಬೇಸಿಗೆಯಲ್ಲಿ ನೊಣಗಳು ದನದ ನೀರಿನ ತೊಟ್ಟಿಗೇ ಬರುವುದರಿಂದ, ಪೆಟ್ಟಿಗೆಗಳ ಸಮೀಪ ಕಲ್ಲುಹರಳು ಹಾಕಿದ ಆಳವಿಲ್ಲದ ಪಾತ್ರೆಯಲ್ಲಿ ನೀರಿಡುವುದು ಒಳ್ಳೆಯದು. ಹೂಬಿಟ್ಟ ಮೇವಿಗೆ ಕೀಟನಾಶಕ ಸಿಂಪಡಿಸುವುದಂತೂ ಎರಡು ಕಡೆಯಿಂದಲೂ ತಪ್ಪು: ಅದೇ ಸೊಪ್ಪು ನಾಳೆ ಹಸುವಿನ ಹೊಟ್ಟೆಗೂ ಹೋಗುತ್ತದೆ.

ತಮ್ಮ ಪತ್ರಿಕೆಯು ಮೇವಿನ ಬೆಳೆಗಳ ಕುರಿತು ಲೇಖನ ಪ್ರಕಟಿಸುವಾಗ, ಇಳುವರಿಯ ಜೊತೆಗೆ ಆ ಬೆಳೆ ಹೂಬಿಡುವ ಅವಧಿಯನ್ನೂ ಅದು ಜೇನಿಗೆ ಮಕರಂದ ಕೊಡುವುದೋ ಬರೀ ಪರಾಗ ಕೊಡುವುದೋ ಎಂಬುದನ್ನೂ ತಜ್ಞರಿಂದ ಬರೆಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಸಣ್ಣ ಹಿಡುವಳಿದಾರ