ಡ್ರೌಗಳ ಕ್ರೌರ್ಯಕ್ಕೆ ಹುಟ್ಟು ಕಾರಣವಲ್ಲ

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಪಿಯುಸಿ ಮತ್ತು ಪದವಿ ತರಗತಿಗಳ ಕೆಲವು ಹುಡುಗ ಹುಡುಗಿಯರು ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಕನ್ನಡದಲ್ಲಿಯೇ ಆಡುತ್ತಾರೆ. ಅದರಲ್ಲಿ ಬರುವ ಡ್ರೌ ಎಂಬ ನೆಲದಡಿಯ ಜನಾಂಗ ಗುಲಾಮರನ್ನು ಹಿಡಿದು ದುಡಿಸುತ್ತದೆ, ಹೆತ್ತ ಮಕ್ಕಳನ್ನೇ ಬಲಿ ಕೊಡುತ್ತದೆ ಎಂದು ಕೇಳಿ ಗಾಬರಿಗೊಂಡ ಕೆಲವು ಪೋಷಕರು ಆಟವನ್ನೇ ನಿಲ್ಲಿಸಬೇಕೆಂದು ಒತ್ತಾಯಿಸುತ್ತಿದ್ದಾರೆ. ಇತ್ತ ಆಡುವವರಲ್ಲಿಯೂ ಕೆಲವರು, ಡ್ರೌಗಳು ಹುಟ್ಟಾ ದುಷ್ಟರು, ಅವರನ್ನು ಕಂಡಲ್ಲಿ ಕೊಲ್ಲುವುದಕ್ಕೆ ಯೋಚನೆಯೇ ಬೇಕಿಲ್ಲ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನಾನು ಈ ಎರಡೂ ಮಾತುಗಳನ್ನು ಒಪ್ಪಲಾರೆ. ಈ ಜನ ಕ್ರೂರರಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುತ್ತಿಲ್ಲ. ಆ ಪ್ರಶ್ನೆಯನ್ನು ಕೇಳಿದರೆ ಈ ಆಟ ನಮ್ಮ ಮಕ್ಕಳಿಗೆ ಬಹಳಷ್ಟನ್ನು ಕಲಿಸಬಲ್ಲದು. ಕೇಳದಿದ್ದರೆ ಪೋಷಕರ ಆತಂಕದಲ್ಲಿ ಹುರುಳಿದೆ ಎಂದೇ ಹೇಳಬೇಕಾಗುತ್ತದೆ.

ಪರಿಚಯವಿಲ್ಲದ ಓದುಗರಿಗಾಗಿ ಆಟದ ಬಗ್ಗೆ ಎರಡು ಮಾತು. ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಮೊದಲು ಪ್ರಕಟವಾಯಿತು. ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಡ್ರೌಗಳ ಹೆಸರು 1977ರ ಕೈಪಿಡಿಯಲ್ಲಿ ಎಲ್ಫ್ ಎಂಬ ಚೂಪು ಕಿವಿಯ ಮಾಂತ್ರಿಕ ಜನಾಂಗದ ವಿವರದ ನಡುವೆ ಬರಿಯ ವದಂತಿಯಂತೆ ಬಂದುಹೋಗುತ್ತದೆ. ಮರುವರ್ಷ ಗೈಗಾಕ್ಸ್ ಬರೆದ ಸಾಹಸ ಪುಸ್ತಿಕೆಗಳಲ್ಲಿ ಅವರು ಊರು, ದೇವತೆ, ಆಯುಧಗಳ ಸಮೇತ ಪೂರ್ಣವಾಗಿ ಮೈದಾಳಿದರು. ಎಲ್ಫ್‌ಗಳ ದೇವರಾದ ಕೊರೆಲ್ಲನ್‌ಗೆ ದ್ರೋಹ ಬಗೆದ ಲೋಲ್ತ್ ಎಂಬ ದೇವತೆಯ ಬೆನ್ನಿಗೆ ನಿಂತು, ಬಹಿಷ್ಕಾರಕ್ಕೆ ಒಳಗಾಗಿ, ಅಂಡರ್‌ಡಾರ್ಕ್ ಎಂಬ ಗವಿಲೋಕಕ್ಕೆ ಇಳಿದವರು ಇವರು ಎಂಬುದು ಕಥೆ. ಲೋಲ್ತ್ ಜೇಡಗಳ ರಾಣಿ. 2014ರ ನಿಯಮಗಳ ಪ್ರಕಾರ ಡ್ರೌಗೆ ಕತ್ತಲಿನಲ್ಲಿ 120 ಅಡಿ ದೂರದವರೆಗೆ ಕಣ್ಣು ಕಾಣುತ್ತದೆ. ಆದರೆ ನೇರ ಬಿಸಿಲಿಗೆ ಬಂದು ಹೋರಾಡಬೇಕಾದರೆ ಆಟಗಾರ ದಾಳವನ್ನು ಎರಡು ಸಲ ಉರುಳಿಸಿ, ಬಂದ ಎರಡು ಅಂಕಗಳಲ್ಲಿ ಕಡಿಮೆಯದನ್ನೇ ತೆಗೆದುಕೊಳ್ಳಬೇಕು.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಜನ ಕಟ್ಟಿಕೊಂಡ ಮೆಂಜೊಬೆರಾಂಜನ್ ಎಂಬ ನಗರದ ವ್ಯವಸ್ಥೆ. ಅಲ್ಲಿ ಸೂರ್ಯನಿಲ್ಲ; ಆಸ್ಥಾನದ ಮಹಾಮಾಂತ್ರಿಕ ಪ್ರತಿದಿನ ಒಂದು ದೊಡ್ಡ ಕಲ್ಲುಕಂಬದ ಬುಡವನ್ನು ಮಂತ್ರದಿಂದ ಕಾಯಿಸುತ್ತಾನೆ, ಆ ಕಾವು ಮೇಲೇರುವುದನ್ನು ನೋಡಿ ಊರು ಹೊತ್ತನ್ನು ತಿಳಿಯುತ್ತದೆ. ಎಂಟು ಪ್ರಬಲ ಮನೆತನಗಳ ಹಿರಿಯ ಹೆಂಗಸರು ಸೇರಿ ರಾಜ್ಯವಾಳುತ್ತಾರೆ. ಒಂದು ಮನೆತನ ಇನ್ನೊಂದರ ಮೇಲೆ ರಾತ್ರೋರಾತ್ರಿ ದಾಳಿ ಮಾಡಿ ಅದರ ಕುಲೀನರನ್ನೆಲ್ಲ ಕೊಂದು ಮುಗಿಸಿದರೆ ಅದು ಅಪರಾಧವಲ್ಲ. ದೂರು ಕೊಡಲು ಒಬ್ಬ ಕುಲೀನ ಬದುಕುಳಿದರೂ ದಾಳಿ ಮಾಡಿದ ಮನೆತನವನ್ನೇ ನಗರವೆಲ್ಲ ಸೇರಿ ನಿರ್ನಾಮ ಮಾಡುತ್ತದೆ. ಎಂದರೆ ಕಾನೂನು ಶಿಕ್ಷಿಸುವುದು ಕೊಲೆಯನ್ನಲ್ಲ, ಸಾಕ್ಷಿ ಉಳಿಸಿದ ಅಜಾಗರೂಕತೆಯನ್ನು. ಮನೆತನದಲ್ಲಿ ಬದುಕಿರುವ ಗಂಡುಮಕ್ಕಳಲ್ಲಿ ಮೂರನೆಯವನಾಗಿ ಹುಟ್ಟಿದ ಕೂಸನ್ನು ಲೋಲ್ತ್‌ಗೆ ಬಲಿ ಕೊಡಬೇಕು. ಆರ್.ಎ. ಸಾಲ್ವಟೋರೆ ಅವರ ಕಾದಂಬರಿಗಳಿಂದ ಹೆಸರಾದ ಡ್ರಿಜ್ಟ್ ಎಂಬ ಡ್ರೌ ಬದುಕಿ ಉಳಿದದ್ದು ಯಾರ ಕರುಣೆಯಿಂದಲೂ ಅಲ್ಲ. ಅವನು ಹುಟ್ಟಿದ ರಾತ್ರಿಯೇ ಅವನ ಒಬ್ಬ ಅಣ್ಣ ಇನ್ನೊಬ್ಬ ಅಣ್ಣನನ್ನು ಕೊಂದದ್ದರಿಂದ ಕೂಸು ಎರಡನೆಯವನಾಯಿತು, ಬಲಿ ತಪ್ಪಿತು. ಬೆಳೆಯುವ ಹುಡುಗರು ಹೆಂಗಸರ ಮುಖವೆತ್ತಿ ನೋಡುವಂತಿಲ್ಲ, ನೆಲ ನೋಡಿಯೇ ನಡೆಯಬೇಕು. ತಪ್ಪಿದರೆ ಪೂಜಾರಿಣಿಯರ ಕೈಯಲ್ಲಿ ಜೀವಂತ ಹಾವಿನ ತಲೆಗಳಿರುವ ಚಾಟಿ ಇದೆ. ಆ ಪೂಜಾರಿಣಿಯರಾದರೂ ನಿಶ್ಚಿಂತರಲ್ಲ. ಲೋಲ್ತ್‌ಳ ಕೃಪೆ ತಪ್ಪಿದ ಮನೆತನಕ್ಕೆ ಉಳಿಗಾಲವಿಲ್ಲ, ಅವಳ ಪರೀಕ್ಷೆಯಲ್ಲಿ ಸೋತವರು ಅರ್ಧ ಜೇಡದ ದೇಹ ಹೊತ್ತು ಗವಿಗಳಲ್ಲಿ ಅಲೆಯಬೇಕು.

ಹುಟ್ಟಾ ದುಷ್ಟರಾದ ಜನಕ್ಕೆ ಇಷ್ಟೊಂದು ಚಾಟಿ ಏಕೆ ಬೇಕು? ಕ್ರೌರ್ಯ ರಕ್ತದಲ್ಲಿಯೇ ಇದ್ದಿದ್ದರೆ ಕೂಸಿನ ಬಲಿಯಾಗಲಿ, ಶಿಕ್ಷೆಯ ಭಯವಾಗಲಿ, ಹುಡುಗರ ಕಣ್ಣನ್ನು ನೆಲಕ್ಕೆ ಕೀಲಿಸುವ ಕಟ್ಟುಪಾಡಾಗಲಿ ಬೇಕಾಗುತ್ತಿರಲಿಲ್ಲ. ಮಗು ಮೆತ್ತಗಿರುವುದರಿಂದಲೇ ಅದನ್ನು ಒರಟು ಮಾಡುವ ಏರ್ಪಾಡು ಬೇಕಾಗುತ್ತದೆ. ಡ್ರೌಗಳ ಕಥೆಯ ಸತ್ವವೆಲ್ಲ ಇಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ. ಅದೇ ಗವಿಲೋಕದ ಡ್ಯೂರ್ಗರ್ ಎಂಬ ಬೂದುಬಣ್ಣದ ಕುಳ್ಳರ ಕಥೆಯೂ ಇದನ್ನೇ ಹೇಳುತ್ತದೆ. ಮೆದುಳು ತಿನ್ನುವ ಮೈಂಡ್ ಫ್ಲೇಯರ್‌ಗಳ ಕೈಯಲ್ಲಿ ತಲೆಮಾರುಗಟ್ಟಲೆ ಗುಲಾಮರಾಗಿ ನರಳಿ ಬಿಡಿಸಿಕೊಂಡ ಅವರು, ಬಿಡುಗಡೆಯಾದ ಮೇಲೆ ಕಲಿತದ್ದು ಗುಲಾಮರನ್ನು ಇಟ್ಟುಕೊಳ್ಳುವುದನ್ನು.

ಈಚೆಗೆ ವಾಚನಾಲಯದಲ್ಲಿ ಆಟ ನಡೆಯುವಾಗ ನಾನೂ ಒಂದು ಬದಿಯಲ್ಲಿ ಕೂತಿದ್ದೆ. ಮಕ್ಕಳ ತಂಡ ಒಬ್ಬ ಡ್ರೌ ಕಾವಲುಗಾರನನ್ನು ಸೆರೆ ಹಿಡಿದಿತ್ತು. ಬಿಟ್ಟರೆ ಹೋಗಿ ಸುದ್ದಿ ಕೊಡುತ್ತಾನೆ, ಕೊಂದುಬಿಡೋಣ ಎಂದು ಮೂವರು ಹೇಳಿದರು. ವೈದ್ಯೆಯ ಪಾತ್ರ ವಹಿಸಿದ್ದ ಹುಡುಗಿಯೊಬ್ಬಳು ಮಾತ್ರ, ‘ಇವನು ವಾಪಸ್ ಹೋದರೆ ಇವನ ಮನೆಯವರು ಇವನಿಗೆ ಏನು ಮಾಡುತ್ತಾರೆ?’ ಎಂದು ಡಂಜನ್ ಮಾಸ್ಟರ್ ಹುಡುಗನನ್ನು ಕೇಳಿದಳು. ಅವನು ಕೈಪಿಡಿಯ ಪುಟ ತಿರುವಿದ. ಅಲ್ಲಿ ಆ ಕಾವಲುಗಾರನ ರಕ್ಷಾಕವಚದ ಅಂಕ, ಪ್ರಾಣದ ಅಂಕ, ಅವನ ವಿಷದ ಬಾಣ ತಗುಲಿದವರು ಎಚ್ಚರ ತಪ್ಪಬಹುದೆಂಬ ನಿಯಮ ಎಲ್ಲವೂ ಇದ್ದವು. ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಆ ಹುಡುಗ ಪುಸ್ತಕ ಮುಚ್ಚಿ ಸ್ವಲ್ಪ ಯೋಚಿಸಿ, ಸೋತು ಬಂದವನನ್ನು ಅವನ ಅಕ್ಕನೇ ಕೊಲ್ಲುತ್ತಾಳೆ ಎಂದು ಹೇಳಿದ. ಅಲ್ಲಿಂದ ಆಟದ ದಿಕ್ಕೇ ಬದಲಾಯಿತು. ಸೆರೆಯಾಳಿಗೆ ಒಂದು ಹೆಸರು ಬಂತು, ಅವನನ್ನು ಎಲ್ಲಿ ಅಡಗಿಸಿಡುವುದೆಂಬ ಚರ್ಚೆ ಕತ್ತಲಾಗುವವರೆಗೂ ನಡೆಯಿತು. ಆಟ ಮಕ್ಕಳನ್ನು ಕೆಡಿಸುತ್ತದೆ ಎನ್ನುವವರು ಆ ಹುಡುಗಿಯ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕಿತ್ತು.

ಆದರೆ ಆಟದಲ್ಲಿ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಡ್ರೌಗಳ ಮೈ ಕಪ್ಪು, ಕೂದಲು ಬಿಳಿ. ಬೆಳಕಿನ ಲೋಕದಲ್ಲಿ ಉಳಿದ ಒಳ್ಳೆಯ ಎಲ್ಫ್‌ಗಳು ಬೆಳ್ಳಗೆ, ಶಾಪಗ್ರಸ್ತರಾಗಿ ಕೆಳಗಿಳಿದವರು ಕಪ್ಪಗೆ ಎಂಬ ಚಿತ್ರ ದಶಕಗಳ ಕಾಲ ಆಟದ ಪುಸ್ತಕಗಳಲ್ಲಿ ಮುದ್ರಣಗೊಳ್ಳುತ್ತಲೇ ಬಂತು. ಕಪ್ಪು ಬಣ್ಣವನ್ನು ಕೇಡಿನ ಗುರುತಾಗಿ ತೋರಿಸುವ ಈ ರೂಢಿ ಎಲ್ಲಿದ್ದರೂ ತಪ್ಪೇ. ಹೆಣ್ಣು ನೋಡಲು ಬಂದವರು ಮೊದಲು ಬಣ್ಣದ ಮಾತೆತ್ತುವ ನಮ್ಮಲ್ಲಿಯಂತೂ ಅದರ ಏಟು ನೇರವಾಗಿ ಮಕ್ಕಳ ಮನಸ್ಸಿಗೇ ಬೀಳುತ್ತದೆ. ಹಿಂದಿನ ಪುಸ್ತಕಗಳು ಓರ್ಕ್ ಎಂಬ ಒರಟು ಯೋಧರ ಜನಾಂಗವನ್ನೂ ಡ್ರೌಗಳನ್ನೂ ಚಿತ್ರಿಸಿದ ಬಗೆ ನಿಜಲೋಕದ ಜನಾಂಗಗಳನ್ನು ಹೀನಾಯವಾಗಿ ಕಂಡ ಬಗೆಯನ್ನೇ ನೆನಪಿಸುವಂತಿದೆ ಎಂದು ಆಟದ ಈಗಿನ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರೇ 2020ರ ಜೂನ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಅನಂತರ ಅವರು ಹಿಡಿದ ದಾರಿ ಮಾತ್ರ ನನಗೆ ಪೂರ್ತಿ ಸರಿಕಾಣುವುದಿಲ್ಲ. 2021ರಲ್ಲಿ, ಉತ್ತರದ ಹಿಮದಲ್ಲಿಯೂ ದಕ್ಷಿಣದ ಕಾಡಿನಲ್ಲಿಯೂ ಲೋಲ್ತ್‌ಳ ಹಂಗಿಲ್ಲದೆ ನೆಮ್ಮದಿಯಾಗಿ ಬಾಳುವ ಬೇರೆ ಡ್ರೌಗಳಿದ್ದಾರೆ ಎಂದು ಹೊಸ ಊರುಗಳನ್ನು ಕಥೆಗೆ ಸೇರಿಸಿದರು. 2024ರ ಕೈಪಿಡಿಯಲ್ಲಿ ಡ್ರೌಗಳು ಎಲ್ಫ್‌ಗಳ ಮೂರು ವಂಶಗಳಲ್ಲಿ ಒಂದಾಗಿ ಉಳಿದು, ಬಿಸಿಲಿಗೆ ಕುಗ್ಗುವ ನಿಯಮವನ್ನು ಕಳೆದುಕೊಂಡರು. ‘ಪಾತ್‌ಫೈಂಡರ್’ ಎಂಬ ಇನ್ನೊಂದು ಆಟ, ಪರವಾನಗಿಯ ತಕರಾರಿನ ಕಾರಣಕ್ಕೆ, 2023ರಲ್ಲಿ ಡ್ರೌಗಳನ್ನೇ ಕೈಬಿಟ್ಟಿತು. ಎಲ್ಲೋ ದೂರದಲ್ಲಿ ಒಳ್ಳೆಯ ಡ್ರೌಗಳಿದ್ದಾರೆ ಎಂದರೆ ಮೆಂಜೊಬೆರಾಂಜನ್‌ನಲ್ಲಿ ಚಾಟಿಯ ಕೆಳಗೆ ಬೆಳೆಯುವ ಹುಡುಗನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ 1991ರಲ್ಲಿ ಎಡ್ ಗ್ರೀನ್‌ವುಡ್ ಕಥೆಗೆ ತಂದ ಐಲಿಸ್ಟ್ರೇ ಎಂಬ ದೇವತೆ ನನಗೆ ಹೆಚ್ಚು ಇಷ್ಟವಾಗುತ್ತಾಳೆ. ಲೋಲ್ತ್‌ಳ ಮಗಳಾದ ಅವಳು ತಪ್ಪಿತಸ್ಥೆಯಲ್ಲ. ಕತ್ತಲಿಗೆ ಹೋಗುವವರ ಜೊತೆ ಯಾರಾದರೂ ಇರಬೇಕೆಂದು ತಾನಾಗಿ ಬಹಿಷ್ಕಾರವನ್ನು ಒಪ್ಪಿಕೊಂಡು ಹೋದವಳು. ಹಾಡು, ಕುಣಿತ, ಬೆಳದಿಂಗಳು ಅವಳ ಪೂಜೆ.

ಇದನ್ನೆಲ್ಲ ಅಮೆರಿಕದ ಆಟವೆಂದು ದೂರವಿಡಲು ಚಿತ್ರದುರ್ಗದವರಿಗಂತೂ ಕಾರಣವಿಲ್ಲ. ನಮ್ಮ ಕೋಟೆಯ ಬೆಟ್ಟವೇ ನರಭಕ್ಷಕನಾದ ಹಿಡಿಂಬನ ನೆಲೆಯಾಗಿತ್ತೆಂದು ಐತಿಹ್ಯವಿದೆ. ಹಿಡಿಂಬೇಶ್ವರನ ಗುಡಿಯಲ್ಲಿ ಅವನ ಹಲ್ಲೆಂದು ಹೇಳಿ ತೋರಿಸುತ್ತಾರೆ. ಅದೇ ಮನೆಯಲ್ಲಿ, ಅದೇ ಹಸಿವಿನ ನಡುವೆ ಬೆಳೆದ ತಂಗಿ ಹಿಡಿಂಬೆ, ಅಣ್ಣ ಕೊಂದು ತರಲು ಹೇಳಿದ ಪಾಂಡವರನ್ನು ಕೊಲ್ಲದೆ, ಬಂದ ಅಪಾಯವನ್ನು ಭೀಮನಿಗೆ ತಿಳಿಸಿದಳು. ಅವಳ ಮಗ ಘಟೋತ್ಕಚ, ಅರ್ಜುನನಿಗೆಂದು ಕರ್ಣ ಕಾಯ್ದಿರಿಸಿದ್ದ ಶಕ್ತ್ಯಾಯುಧವನ್ನು ತನ್ನ ಮೈಮೇಲೆ ತೆಗೆದುಕೊಂಡು ಸತ್ತ. ಹಾಗೆಂದು ನಮ್ಮ ಕಥೆಯೂ ಪೂರ್ತಿ ನ್ಯಾಯವಾಗಿ ನಡೆದುಕೊಂಡಿತೆಂದು ಹೇಳಲಾಗದು. ಪಾಂಡವರೆಲ್ಲ ಅಳುತ್ತಿರುವಾಗ ಕೃಷ್ಣ ಸಂತೋಷಪಟ್ಟನೆಂದೂ, ಇವನು ಯಜ್ಞದ್ವೇಷಿ, ಇಂದು ಸಾಯದಿದ್ದರೆ ಮುಂದೆ ನಾನೇ ಕೊಲ್ಲುತ್ತಿದ್ದೆ ಎಂದನೆಂದೂ ಮಹಾಭಾರತದ ದ್ರೋಣಪರ್ವದಲ್ಲಿದೆ. ಪ್ರಾಣ ಕೊಟ್ಟ ಮೇಲೂ ಅವನನ್ನು ಹುಟ್ಟಿನಿಂದಲೇ ಅಳೆದರು. ಆ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಎದ್ದು ಅದು ತಪ್ಪಲ್ಲವೇ ಸಾರ್ ಎಂದು ಕೇಳುತ್ತಿದ್ದರು.

ನೆಲದಡಿಯ ಲೋಕವೆಂದರೆ ಕೇಡಿನ ಲೋಕ ಎಂಬ ಎಣಿಕೆಯೂ ಈ ನೆಲದಲ್ಲಿ ನಿಲ್ಲುವುದಿಲ್ಲ. ಚಂದ್ರವಳ್ಳಿಯ ಅಂಕಲಿ ಮಠದ ಗವಿಯಲ್ಲಿ ಟಾರ್ಚ್ ಹಿಡಿದು ಬಗ್ಗಿ ಇಳಿದವರಿಗೆ ಗೊತ್ತು: ಕೈ ಚಾಚಿದರೆ ಕೈ ಕಾಣದ ಕತ್ತಲಿನಲ್ಲಿ ಒಂದರೊಳಗೊಂದು ಕೋಣೆಗಳು, ಪೂಜೆಯ ಜಾಗ, ಗೋಡೆಯಲ್ಲಿ ಬಣ್ಣದ ಕುರುಹು. ಅಲ್ಲಿ ಇದ್ದವರು ತಪಸ್ಸಿಗೆ ಕೂತವರು. ಪಾತಾಳಕ್ಕೆ ತಳ್ಳಿಸಿಕೊಂಡ ಬಲಿ ಚಕ್ರವರ್ತಿಯನ್ನು ನಾವು ಪ್ರತಿ ದೀಪಾವಳಿಗೆ ದೀಪ ಹಚ್ಚಿ ಮನೆಗೆ ಕರೆಯುತ್ತೇವೆ. ಇಷ್ಟೆಲ್ಲ ಕೈಯಲ್ಲಿರುವಾಗ ಕನ್ನಡದಲ್ಲಿ ಈ ಆಟ ನಡೆಸುವ ನಮ್ಮ ಹುಡುಗರು ಡ್ರೌಗಳನ್ನು ಹಳೆಯ ಪುಸ್ತಕದ ಅಚ್ಚಿನಲ್ಲಿಯೇ ಏಕೆ ಎರಕ ಹೊಯ್ಯಬೇಕು?

ಚಿತ್ರದುರ್ಗ, ದಾವಣಗೆರೆಗಳಲ್ಲಿ ಕಿರಿಯರಿಗೆ ಈ ಆಟ ನಡೆಸಿಕೊಡುವ ಯುವಕ ಯುವತಿಯರಲ್ಲಿ ನನ್ನ ವಿನಂತಿ ಇಷ್ಟು. ಡ್ರೌ ಒಬ್ಬನನ್ನು ಕಥೆಗೆ ತರುವ ಮೊದಲು ಅವನು ಯಾರಿಗೆ ಹೆದರುತ್ತಾನೆ, ಸೋತರೆ ಅವನಿಗೆ ಏನಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಅವರ ನಗರವನ್ನು ತೋರಿಸುವಾಗ ಕ್ರೌರ್ಯವನ್ನು ತೆಳು ಮಾಡಬೇಡಿ. ಕಾನೂನನ್ನೂ ಚಾಟಿಯನ್ನೂ ತೋರಿಸಿ, ಅದಕ್ಕೆ ಬಗ್ಗದ ಒಬ್ಬರನ್ನಾದರೂ ಅದೇ ನಗರದ ಒಳಗೆ ತೋರಿಸಿ. ಮೈಬಣ್ಣದ ವರ್ಣನೆಯನ್ನು ಬಿಟ್ಟುಬಿಡಿ, ಕಥೆಗೆ ಅದರಿಂದ ಯಾವ ನಷ್ಟವೂ ಇಲ್ಲ. ಆಟದ ಆರಂಭಿಕ ಪೆಟ್ಟಿಗೆಯ ಮೇಲೆ 12 ವರ್ಷ ಮೇಲ್ಪಟ್ಟವರಿಗೆ ಎಂದಿದೆ. ಅದಕ್ಕಿಂತ ಚಿಕ್ಕವರು ಮೇಜಿನಲ್ಲಿ ಇದ್ದರೆ ಕೂಸಿನ ಬಲಿಯಂಥ ಪ್ರಸಂಗಗಳನ್ನು ಖಂಡಿತವಾಗಿ ತರಬೇಡಿ, ಈ ಒಂದು ವಿಷಯದಲ್ಲಿ ಪೋಷಕರ ಮಾತು ಸರಿಯಾಗಿದೆ. ಇನ್ನು ಆಟವನ್ನು ನಿಲ್ಲಿಸಬೇಕೆಂದು ವಾಚನಾಲಯದ ಸಮಿತಿಗೆ ಮನವಿ ಕೊಡಲು ಹೊರಟಿರುವ ಪೋಷಕರು, ಸಹಿ ಹಾಕುವ ಮೊದಲು ಒಂದು ಭಾನುವಾರ ಬಂದು ಮಕ್ಕಳ ಪಕ್ಕದಲ್ಲಿ ಕೂತು ಪೂರ್ತಿ ಆಟವನ್ನು ನೋಡಬೇಕು, ಮನಸ್ಸಿದ್ದರೆ ಒಂದು ಪಾತ್ರವನ್ನೂ ವಹಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಮಕ್ಕಳು ಅದಕ್ಕೆ ಒಪ್ಪಿದ್ದಾರೆ.

ಇತಿ,
ಒಬ್ಬ ನಿವೃತ್ತ ಇತಿಹಾಸ ಶಿಕ್ಷಕ
ಚಿತ್ರದುರ್ಗ