ರೇಡಿಯೋಗೂ ಒಂದು ವಂತಿಗೆ

ಫಿಲಡೆಲ್ಫಿಯಾದ ಸೆಂಟರ್ ಸಿಟಿಯಲ್ಲಿ ಕೆಲಸ ಮುಗಿಸಿ ಹೊರವಲಯದ ಕಿಂಗ್ ಆಫ್ ಪ್ರಶಿಯಾ ಕಡೆಗೆ ಹೊರಡುವವರಿಗೆ 76ನೇ ಹೆದ್ದಾರಿಯ ಸಂಜೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಬಲಗಡೆ ಸ್ಕೂಕಿಲ್ ನದಿ, ಆಚೆ ದಡದಲ್ಲಿ ದೋಣಿಮನೆಗಳ ದೀಪಗಳ ಸಾಲು, ಎದುರಿಗೆ ಕಣ್ಣು ಹಾಯುವಷ್ಟು ದೂರ ಕೆಂಪು ಬ್ರೇಕ್ ಲೈಟು. ಹದಿನಾರು ವರ್ಷದಿಂದ ನಾನು ಈ ದಾರಿಯಲ್ಲಿ ಮನೆಗೆ ಬರುತ್ತಿದ್ದೇನೆ. ಕಾರಿನ ರೇಡಿಯೋ 90.1 ಬಿಟ್ಟು ಕದಲುವುದಿಲ್ಲ. ಬೆಳಗ್ಗೆಯಿಂದ ಬಾಖ್, ಮೊಜಾರ್ಟ್, ಬ್ರಾಮ್ಸ್ ಎಂದು ನುಡಿಸುವ ಆ ಸ್ಟೇಷನ್ ಸಂಜೆ 6 ಗಂಟೆಗೆ ಜಾಝ್‌ಗೆ ಹೊರಳುತ್ತದೆ. ಪಿಟೀಲುಗಳ ದೊಡ್ಡ ಮೇಳ ನಿಂತು, ಡಬಲ್ ಬಾಸ್‌ನ ದಪ್ಪ ತಂತಿಯೊಂದು ದುಂ ದುಂ ಎಂದು ನಡೆಯಲು ಶುರುಮಾಡುತ್ತದೆ. ಮರುದಿನ ಬೆಳಗ್ಗೆ 6ರವರೆಗೂ ಜಾಝೇ. ಹಗಲಿಗೊಂದು ಸಂಗೀತ, ರಾತ್ರಿಗೊಂದು. ಬೆಳಗಿನ ರಾಗ, ಸಂಜೆಯ ರಾಗ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಸಹಜ ಅನ್ನಿಸುತ್ತದೆ, ಅಲ್ವಾ?

ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಲದ ಸಂಪಾದಕೀಯ ಆ ಸ್ಟೇಷನ್ ಬಗ್ಗೆ. ಇದನ್ನು ಬರೆಯುವ ಹಾಗೆ ಮಾಡಿದವಳು ಅಮ್ಮ.

ಅಮ್ಮ 2025ರ ಬೇಸಿಗೆಯಲ್ಲಿ ಭದ್ರಾವತಿಯಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದಳು. ಬಂದ ಅಪ್ಪ ಅಮ್ಮಂದಿರ ಹಗಲು ಹೇಗೆ ಕಳೆಯುತ್ತದೆ ಎಂದು ನಮ್ಮೆಲ್ಲರಿಗೂ ಗೊತ್ತು. ನಾವು ಆಫೀಸಿಗೆ, ಮಕ್ಕಳು ಶಾಲೆಗೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಟಿವಿ ಅವಳಿಗೆ ಬೇಡ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಹಳೆಯ ರೇಡಿಯೋ ಇದೆ. ಅದನ್ನು ಹಾಕಿಕೊಟ್ಟು ಹೋಗುತ್ತಿದ್ದೆ. ಭದ್ರಾವತಿ ಆಕಾಶವಾಣಿ ಕೇಳಿಕೊಂಡೇ ಒಲೆಯ ಮುಂದೆ ಬದುಕು ಕಳೆದವಳು ಅವಳು. ಒಂದು ವಾರಕ್ಕೆಲ್ಲ 90.1 ಅವಳದ್ದಾಯಿತು.

ಒಂದು ಸಂಜೆ ನಾನು ಒಳಗೆ ಬರುವಾಗ ಹಳೆಯ ಬ್ಲೂಸ್ ಹಾಡೊಂದು, ಅಂದರೆ ಅಮೆರಿಕದ ಕಪ್ಪು ಜನರ ನೋವಿನ ಹಾಡು, ಬರುತ್ತಿತ್ತು. ಅಮ್ಮ ಬೀನ್ಸ್ ಹೆಚ್ಚುವುದು ನಿಲ್ಲಿಸಿ ಕೈ ಎತ್ತಿದಳು. "ಸುಮ್ನಿರು. ಇದು ಶುದ್ಧ ಧನ್ಯಾಸಿ ಕಣೇ" ಎಂದಳು. ಮೆಲ್ಲಗೆ ದೇವರನಾಮದ ಒಂದು ಸಾಲು ಗುನುಗಿ ತೋರಿಸಿದಳು. ನಿಜವಾಗಿಯೂ ಹತ್ತಿರ ಬಂತು. ಶುದ್ಧ ಧನ್ಯಾಸಿಯಲ್ಲಿ ಇರುವುದು ಸ, ಗ, ಮ, ಪ, ನಿ, ಐದೇ ಸ್ವರ. ರಿಷಭ ಇಲ್ಲ, ಧೈವತ ಇಲ್ಲ. ಬ್ಲೂಸ್ ಹಾಡುವವರು ಹೆಚ್ಚಾಗಿ ಓಡಾಡುವುದೂ ಇದೇ ಐದು ಸ್ವರಗಳ ಮೇಲೆ. ಜೊತೆಗೆ ಮ ಮತ್ತು ಪ ನಡುವಿನ ಒಂದು ಸ್ವರವನ್ನು ಸೇರಿಸಿಕೊಳ್ಳುತ್ತಾರೆ. ಅವರ ಗಾಂಧಾರವಂತೂ ಒಂದು ಕಡೆ ನಿಲ್ಲುವುದೇ ಇಲ್ಲ. ಮೇಲೆ ಕೆಳಗೆ ಅಲುಗಾಡುತ್ತದೆ, ಜಾರುತ್ತದೆ. ಪಿಯಾನೋದ ಮನೆಗಳ ನಡುವೆ ಬೀಳುವ ಆ ಸ್ವರವನ್ನು ಅವರು 'ಬ್ಲೂ ನೋಟ್' ಎನ್ನುತ್ತಾರೆ. ಗಮಕ ಕೇಳಿ ಪಳಗಿದ ಅಮ್ಮನ ಕಿವಿಗೆ ಅದು ಅಪಸ್ವರ ಅನ್ನಿಸಲಿಲ್ಲ. ಹಾಡಿನ ಕಟ್ಟಡವೂ ಅವಳಿಗೆ ಬೇಗ ಹಿಡಿಸಿತು. ತಾಳದ ಹನ್ನೆರಡು ಆವರ್ತ, ನಾಲ್ಕು ನಾಲ್ಕರ ಮೂರು ಸಾಲು. ಮೊದಲ ಸಾಲು ಹೇಳುತ್ತಾರೆ. ಅದನ್ನೇ ಇನ್ನೊಮ್ಮೆ ಹೇಳುತ್ತಾರೆ. ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಬರುತ್ತದೆ. "ಎರಡು ಸಲ ಹೇಳ್ದಾಗ್ಲೇ ದುಃಖ ಇಳಿಯೋದು" ಎಂದಳು ಅಮ್ಮ.

ಆ ಹಾಡಿನ ಗಾಯಕಿ ಬೆಸ್ಸಿ ಸ್ಮಿತ್. ಟೆನೆಸಿಯಲ್ಲಿ ಹುಟ್ಟಿದರೂ ಫಿಲಡೆಲ್ಫಿಯಾವನ್ನೇ ಮನೆ ಮಾಡಿಕೊಂಡಿದ್ದವರು. 1937ರಲ್ಲಿ ಮಿಸಿಸಿಪಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಇಲ್ಲಿನ ಅಂತಿಮಯಾತ್ರೆಗೆ ಸಾವಿರಾರು ಜನ ಬಂದಿದ್ದರು. ಆದರೆ ನಮ್ಮ ಏರ್‌ಪೋರ್ಟ್‌ಗೆ ಹತ್ತಿರದ ಶಾರನ್ ಹಿಲ್‌ನಲ್ಲಿರುವ ಅವರ ಸಮಾಧಿಗೆ ಮೂವತ್ತಮೂರು ವರ್ಷ ಒಂದು ಹೆಸರಿನ ಕಲ್ಲೂ ಇರಲಿಲ್ಲ. 1970ರಲ್ಲಿ ಇಬ್ಬರು ಹೆಂಗಸರು ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಒಬ್ಬರು ಗಾಯಕಿ ಜಾನಿಸ್ ಜಾಪ್ಲಿನ್. ಇನ್ನೊಬ್ಬರು ಹುಆನಿಟಾ ಗ್ರೀನ್, ಚಿಕ್ಕಂದಿನಲ್ಲಿ ಬೆಸ್ಸಿ ಅವರ ಮನೆಯ ನೆಲ ಒರೆಸುತ್ತಿದ್ದವರು.

ಇದನ್ನು ನಾನು ಓದಿ ತಿಳಿದದ್ದು ಆಮೇಲೆ. ಹೆಸರು ಹೇಳಿ ಕುತೂಹಲ ಹುಟ್ಟಿಸಿದ್ದು ರೇಡಿಯೋ. ಫೋನಿನ ಆ್ಯಪ್‌ಗಳು ನಾವು ಈಗಾಗಲೇ ಇಷ್ಟಪಟ್ಟದ್ದನ್ನೇ ಮತ್ತೆ ಮತ್ತೆ ತಂದುಕೊಡುತ್ತವೆ. ಇಲ್ಲಿ ಹಾಗಲ್ಲ. ಇದೇ ಊರಿನಲ್ಲಿರುವ, ಸಂಗೀತ ಬಲ್ಲ ಒಬ್ಬ ಮನುಷ್ಯ ಕೂತು ಆರಿಸುತ್ತಾನೆ. ನುಡಿಸಿದ್ದು ಯಾರು, ಯಾವ ವರ್ಷ, ಡ್ರಮ್ಸ್‌ನಲ್ಲಿ ಯಾರಿದ್ದರು ಎಂದು ಹೇಳುತ್ತಾನೆ. ಅಂಥವರಲ್ಲಿ ಬಾಬ್ ಪರ್ಕಿನ್ಸ್ ದೊಡ್ಡವರು. ದಕ್ಷಿಣ ಫಿಲಡೆಲ್ಫಿಯಾದಲ್ಲೇ ಹುಟ್ಟಿ ಬೆಳೆದವರು. 1997ರಿಂದ 90.1ರಲ್ಲಿ ಜಾಝ್ ಕೇಳಿಸಿದರು. ತಮ್ಮನ್ನು 'ಬಿ.ಪಿ. ವಿತ್ ದ ಜಿ.ಎಂ.' ಎಂದು ಪರಿಚಯಿಸಿಕೊಳ್ಳುತ್ತಿದ್ದರು. ಜಿ.ಎಂ. ಅಂದರೆ ಗುಡ್ ಮ್ಯೂಸಿಕ್. 2025ರ ಜನವರಿಯಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಹೊಸದಾಗಿ ಈ ದೇಶಕ್ಕೆ ಬಂದ ದಿನಗಳಲ್ಲಿ, ಹಿಮ ಬೀಳುವ ಸಂಜೆಗಳಲ್ಲಿ, ಅವರ ನಿಧಾನದ ದನಿ ನನಗೆ ಮನೆಯ ಹಿರಿಯರ ದನಿಯ ಹಾಗೆ ಕೇಳುತ್ತಿತ್ತು.

ಡಬ್ಲ್ಯು.ಆರ್.ಟಿ.ಐ. ಎಂಬ ಈ ಸ್ಟೇಷನ್ ಇಲ್ಲಿನ ಟೆಂಪಲ್ ವಿಶ್ವವಿದ್ಯಾಲಯದ್ದು. 1948ರಲ್ಲಿ ವಿದ್ಯಾರ್ಥಿಗಳ ರೇಡಿಯೋ ಆಗಿ ಶುರುವಾಯಿತು. ಆಗ ಅದು ಕ್ಯಾಂಪಸ್‌ಗೆ ಮಾತ್ರ ಕೇಳುತ್ತಿತ್ತು. 1953ರಲ್ಲಿ ಎಫ್‌ಎಂಗೆ ಬಂತು, 1969ರಲ್ಲಿ ಪೂರ್ತಿ ಜಾಝ್ ಸ್ಟೇಷನ್ ಆಯಿತು. 1997ರಲ್ಲಿ ಊರಿನಲ್ಲಿದ್ದ ಶಾಸ್ತ್ರೀಯ ಸಂಗೀತದ ಖಾಸಗಿ ಸ್ಟೇಷನ್ ತನ್ನ ದಾರಿ ಬದಲಿಸಿತು. ಆಗ ಅನಾಥವಾದ ಆ ಸಂಗೀತಕ್ಕೆ ಇವರು ತಮ್ಮ ಹಗಲು ಬಿಟ್ಟುಕೊಟ್ಟರು. ಹಗಲು ರಾತ್ರಿಯ ಈ ಪಾಲು ಬಂದದ್ದು ಹಾಗೆ.

ಕಾಲೇಜಿನವರು ಶುರುಮಾಡಿದ ಸಣ್ಣ ರೇಡಿಯೋ ಅಂದರೆ ಮೈಸೂರಿನವರಿಗೆ ತಟ್ಟನೆ ನೆನಪಾಗುವವರು ಎಂ.ವಿ. ಗೋಪಾಲಸ್ವಾಮಿ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಅವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಕೈಯಿಂದ ದುಡ್ಡು ಹಾಕಿ ನಡೆಸಿದರು. ಮುಂದೆ ಇಡೀ ಭಾರತದ ರೇಡಿಯೋಗೆ ಬಂದ 'ಆಕಾಶವಾಣಿ' ಎಂಬ ಹೆಸರು ಮೊದಲು ಆ ಮನೆಯ ಕೇಂದ್ರದ್ದು. ಊರಿಗೊಂದು ದನಿ ಬೇಕು, ಅದನ್ನು ಊರಿನವರೇ ಸಾಕಬೇಕು ಎಂಬುದು ನಮಗೆ ಅಮೆರಿಕ ಕಲಿಸಿದ ಪಾಠವಲ್ಲ.

ಟೆಂಪಲ್‌ನ ವಿದ್ಯಾರ್ಥಿ ರೇಡಿಯೋ ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯಲೇಬೇಕು. ಜಾನ್ ಕಾಲ್ಟ್ರೇನ್ ಹೆಸರು ಕೇಳಿರುತ್ತೀರಿ. ಜಾಝ್ ಸ್ಯಾಕ್ಸೊಫೋನ್ ಎಂದರೆ ಮೊದಲು ಬರುವ ಹೆಸರುಗಳಲ್ಲಿ ಅದೊಂದು. 1952ರಲ್ಲಿ ಅವರು ಕೊಂಡ ಮನೆ ಉತ್ತರ ಫಿಲಡೆಲ್ಫಿಯಾದ 33ನೇ ಬೀದಿಯಲ್ಲಿ ಇವತ್ತಿಗೂ ಇದೆ. 76ರಲ್ಲಿ ಕಾರು ನಿಂತಾಗ ನದಿಯ ಆಚೆ ಕಾಣುವ ಪಾರ್ಕಿನ ಹಿಂದೆ. ನಮ್ಮ ಸಂಗೀತದ ಮೇಲೆ ಅವರಿಗೆ ಎಷ್ಟು ಗೌರವ ಎಂದರೆ, 1965ರಲ್ಲಿ ಹುಟ್ಟಿದ ಮಗನಿಗೆ ಸಿತಾರ್ ವಾದಕ ರವಿಶಂಕರ್ ಅವರ ಮೇಲಿನ ಗೌರವಕ್ಕೆ ರವಿ ಎಂದು ಹೆಸರಿಟ್ಟರು. 1966ರ ನವೆಂಬರ್ 11ರಂದು ಅವರು ಟೆಂಪಲ್‌ನ ಮಿಟನ್ ಹಾಲ್‌ನಲ್ಲಿ ನುಡಿಸಿದರು. ಆಗ ಅವರ ಸಂಗೀತ ತುಂಬ ಮುಂದೆ ಹೋಗಿಬಿಟ್ಟಿತ್ತು. ಹಳೆಯ ಮಧುರ ಹಾಡುಗಳನ್ನು ಕೇಳಲು ಬಂದ ಕೆಲವರು ನಡುವೆಯೇ ಎದ್ದು ಹೋದರು. ಕಾಲ್ಟ್ರೇನ್ ವಾದ್ಯ ಕೆಳಗಿಳಿಸಿ, ಎದೆ ಬಡಿದುಕೊಳ್ಳುತ್ತ ಬರಿ ಗಂಟಲಲ್ಲಿ ಹಾಡಿದರು. ಸಭೆ ತುಂಬಿರಲಿಲ್ಲ. ಆದರೆ ಆ ರೇಡಿಯೋದವರು ಅಲ್ಲಿ ಟೇಪು ಓಡಿಸುತ್ತಿದ್ದರು. ಎಂಟು ತಿಂಗಳಿಗೆ, 40 ವರ್ಷ ಮುಗಿಸಿದ ಕಾಲ್ಟ್ರೇನ್ ತೀರಿಕೊಂಡರು. ಆ ಟೇಪುಗಳು ಹೇಗೋ ಉಳಿದುಕೊಂಡವು. 2014ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು. ಆ ದನಿ ಇವತ್ತು ನಮಗೆ ಸಿಕ್ಕಿರುವುದು ಒಂದು ಕಾಲೇಜಿನ ರೇಡಿಯೋ ಅಲ್ಲಿಗೆ ಮೈಕು ಹೊತ್ತುಕೊಂಡು ಹೋಗಿದ್ದರಿಂದ. ನನಗೆ ಆ ಸಂಗೀತ ಸುಲಭವಾಗಿ ದಕ್ಕಲಿಲ್ಲ. ಮೂರು ಸಲ ಕೇಳಬೇಕಾಯಿತು. ಮೂರನೆಯ ಸಲ ಕಣ್ಣು ತುಂಬಿತು.

ಇನ್ನೊಂದು ಸಂಜೆ ನಿರೂಪಕರು ಸ್ಯಾಕ್ಸೊಫೋನ್ ವಾದಕರೊಬ್ಬರ ಹೆಸರು ಹೇಳಿದರು. ರುದ್ರೇಶ್ ಮಹಾಂತಪ್ಪ! ಕಾರಿನಲ್ಲಿ ಒಬ್ಬಳೇ ಇದ್ದರೂ "ಅಯ್ಯೋ ನಮ್ಮ ಕಡೆ ಹೆಸರು" ಎಂದು ಜೋರಾಗಿ ಹೇಳಿಬಿಟ್ಟೆ. ಅವರ ಹಿರಿಯರು ಕರ್ನಾಟಕದವರು. ಅವರು ಬೆಳೆದದ್ದು ಕೊಲರಾಡೊದಲ್ಲಿ. 2016ರಲ್ಲಿ ನಮ್ಮ ಪಕ್ಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಜಾಝ್ ನಿರ್ದೇಶಕರಾಗಿ ಬಂದರು. ಅದಕ್ಕೂ ಮೊದಲೇ, 2008ರಲ್ಲಿ, ನಮ್ಮ ಕದ್ರಿ ಗೋಪಾಲನಾಥರ ಜೊತೆ ಸೇರಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ತಂದಿದ್ದರು. ಕದ್ರಿಯವರು ಸ್ಯಾಕ್ಸೊಫೋನ್‌ಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಅದನ್ನು ಕೇಳಿ. ಅರಮನೆಯ ಬ್ಯಾಂಡ್‌ನಿಂದ ಕರ್ನಾಟಕ ಸಂಗೀತದ ವೇದಿಕೆಗೆ, ಅಲ್ಲಿಂದ ಜಾಝ್‌ಗೆ ಬಂದ ಆ ವಾದ್ಯದ ದನಿ ಪೆನ್ಸಿಲ್ವೇನಿಯಾದ ನನ್ನ ಕಾರಿನೊಳಗೆ ತುಂಬಿಕೊಂಡಿತು. ಕಿನ್ಸ್‌ಮೆನ್ ಎಂದರೆ ನೆಂಟರು. ಸರಿಯಾದ ಹೆಸರು.

ಹಗಲಿನ ಸಂಗೀತಕ್ಕೂ ಮೈಸೂರಿನ ನಂಟಿದೆ. ರಷ್ಯಾದ ಸಂಗೀತಕಾರ ರಾಖ್ಮನಿನಾಫ್ ತಮ್ಮ ನಾಲ್ಕನೆಯ ಪಿಯಾನೋ ಕಾನ್ಸರ್ಟೊವನ್ನು (ಪಿಯಾನೋ ಮತ್ತು ವಾದ್ಯಮೇಳಕ್ಕೆಂದು ಬರೆದ ಕೃತಿ) 1927ರಲ್ಲಿ ಮೊದಲು ನುಡಿಸಿದ್ದು ಇಲ್ಲಿ, ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ. ಅದನ್ನು ಅರ್ಪಿಸಿದ್ದು ಗೆಳೆಯ, ಸಂಗೀತಕಾರ ನಿಕೊಲಾಯ್ ಮೆಟ್ನರ್‌ಗೆ. ಕೊನೆಗಾಲದಲ್ಲಿ ಲಂಡನ್‌ನಲ್ಲಿ ಕಾಯಿಲೆ, ಕಷ್ಟಗಳ ನಡುವೆ ಇದ್ದ ಆ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಆಗಲೆಂದು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೆಯ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. ಭಾನುವಾರ ಮಧ್ಯಾಹ್ನ 90.1ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಕಛೇರಿ ಬರುತ್ತದೆ. ಶಾಲೆಯಲ್ಲಿ ಪಿಟೀಲು, ಚೆಲೊ ಕಲಿಯುವ ಮಕ್ಕಳು ನಮ್ಮ ಸಂಘದಲ್ಲಿ ಎಷ್ಟೊಂದು ಇದ್ದಾರೆ. ಊಟ ಮಾಡುವಾಗ ಸುಮ್ನೆ ಹಾಕಿಡಿ, ಸಾಕು. ಆ ಆರ್ಕೆಸ್ಟ್ರಾದ ಸಭಾಂಗಣಕ್ಕೆ ಈಗ ಮರಿಯನ್ ಆ್ಯಂಡರ್ಸನ್ ಹೆಸರಿದೆ. ದಕ್ಷಿಣ ಫಿಲಡೆಲ್ಫಿಯಾದ ಬಡ ಮನೆಯ ಆ ಕಪ್ಪು ಹುಡುಗಿಗೆ ಹಾಡು ಕಲಿಸಲು ದುಡ್ಡು ಕೂಡಿಸಿದವರು ಅವಳ ಚರ್ಚಿನ ಜನ.

ಈಗ ದುಡ್ಡಿನ ಮಾತು. ಅಮ್ಮ ಇದ್ದ ದಿನಗಳಲ್ಲೇ, 2025ರ ಜುಲೈನಲ್ಲಿ, ಅಮೆರಿಕದ ಕಾಂಗ್ರೆಸ್ ಸಾರ್ವಜನಿಕ ರೇಡಿಯೋ ಮತ್ತು ಟಿವಿಗೆ ಎರಡು ವರ್ಷಕ್ಕೆಂದು ಕೊಟ್ಟಿದ್ದ 110 ಕೋಟಿ ಡಾಲರ್ ವಾಪಸ್ ಪಡೆಯಿತು. 1967ರ ಕಾಯಿದೆಯಿಂದ ಹುಟ್ಟಿ, ಆ ಹಣವನ್ನು ಸ್ಟೇಷನ್‌ಗಳಿಗೆ ಹಂಚುತ್ತಿದ್ದ ಸಂಸ್ಥೆ ಮುಚ್ಚುವುದಾಗಿ ಹೇಳಿತು. ದೇಶದ ಇಂಥ ಸ್ಟೇಷನ್‌ಗಳ ಪರವಾಗಿ ಹಾಡುಗಳ ಹಕ್ಕಿನ ಶುಲ್ಕವನ್ನು ಮಾತಾಡಿ ಗೊತ್ತುಮಾಡುತ್ತಿದ್ದದ್ದೂ ಅದೇ. ಸಂಗೀತದ ಸ್ಟೇಷನ್‌ಗಳಿಗೆ ಅದು ಸಣ್ಣ ಸಹಾಯವಲ್ಲ. ಈ ಸ್ಟೇಷನ್‌ಗಳು ಜಾಹೀರಾತು ಹಾಕುವಂತೆಯೂ ಇಲ್ಲ. ನೆರವು ಕೊಟ್ಟ ಅಂಗಡಿಯ ಹೆಸರು ಹೇಳಬಹುದು, ಬೆಲೆ ಹೇಳುವಂತಿಲ್ಲ, ಬನ್ನಿ ಕೊಳ್ಳಿ ಎನ್ನುವಂತಿಲ್ಲ. ಮುಖ್ಯವಾಗಿ ಉಳಿದಿರುವುದು ಕೇಳುಗರ ಹಣ.

ಆ ದಿನಗಳಲ್ಲಿ ಹಾಡುಗಳ ನಡುವೆ ನಿರೂಪಕರು ನೆರವು ಕೇಳುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೂ ವಿಷಯ ಗೊತ್ತಾಯಿತು.

"ಇವ್ರಿಗೆ ದುಡ್ಡು ಬೇಕಂತೆ ಅಲ್ವೇನೇ? ನೀನೆಷ್ಟು ಕೊಡ್ತೀಯ?"

ನಾನು ಇಷ್ಟು ವರ್ಷ ಏನೂ ಕೊಟ್ಟಿರಲಿಲ್ಲ. ಹಾಗೇ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೀದಿ ಗಣಪತಿಗೆ ವಂತಿಗೆ ಕೊಡದೆ ಪ್ರಸಾದ ಮಾತ್ರ ತಿಂದಂಗಾಯ್ತಲ್ಲೇ" ಎಂದಳು. ಬೈಯಲಿಲ್ಲ. ಬೇಜಾರಿನಿಂದ ಹೇಳಿದಳು. ಅವತ್ತು ರಾತ್ರಿಯೇ ನಾನೂ ನಮ್ಮ ಮನೆಯವರೂ ಕೂತು ತಿಂಗಳಿಗೆ ಹತ್ತು ಡಾಲರ್‌ನಂತೆ ಸದಸ್ಯರಾದೆವು.

ವಂತಿಗೆ ಎಂಬ ಪದ ನಮಗೆ ವಿವರಿಸಬೇಕಿಲ್ಲ. ನಮ್ಮ ಸಂಘ ನಡೆಯುವುದೇ ಅದರಿಂದ. ಯುಗಾದಿ ಊಟ, ಕನ್ನಡ ಶಾಲೆಯ ಪುಸ್ತಕ, ಈ ಸುದ್ದಿಪತ್ರದ ಅಚ್ಚು, ಎಲ್ಲವೂ ನೀವು ಕೊಟ್ಟಿದ್ದು. ಆ ಹಣದಲ್ಲಿ ಪಾಲು ತೆಗೆದು ರೇಡಿಯೋಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಅದು ಕನ್ನಡದ ಕೆಲಸಕ್ಕೇ ಇರಲಿ. ನಾನು ಕೇಳುವುದು ಮನೆಗಳನ್ನು. ಕಾರಿನಲ್ಲಿ, ಅಡುಗೆಮನೆಯಲ್ಲಿ 90.1 ಕೇಳುವ ಮನೆ ನಿಮ್ಮದಾದರೆ, ಕೈಲಾದಷ್ಟು, ತಿಂಗಳಿಗೆ ಐದು ಡಾಲರ್ ಆದರೂ ಸರಿ, ಕೊಡಿ. ಇನ್ನೂ ಕೇಳದವರು ಮೊದಲು ಒಂದು ವಾರ ಕೇಳಿ. ರಾಜ್ಯೋತ್ಸವದ ದಿನ ಕಾಫಿ ಮೇಜಿನ ಪಕ್ಕ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಸದಸ್ಯರಾಗುವುದು ಹೇಗೆ ಎಂದು ತೋರಿಸುತ್ತೇನೆ. ಹಿರಿಯರು ಜೊತೆಗಿದ್ದರೆ ಅವರನ್ನೂ ಕರೆತನ್ನಿ. ಹಗಲು ಒಬ್ಬರೇ ಮನೆಯಲ್ಲಿರುವ ಅವರಿಗೆ ಈ ಸ್ಟೇಷನ್ ಹಾಕಿಕೊಡುವುದು ಹೇಗೆ ಎಂದೂ ಹೇಳುತ್ತೇನೆ.

ಅಮ್ಮ ಈಗ ಭದ್ರಾವತಿಯಲ್ಲಿದ್ದಾಳೆ. ಹೊರಡುವ ಮುಂಚೆ ಮೊಮ್ಮಗನ ಕೈಲಿ ತನ್ನ ಫೋನಿನಲ್ಲಿ 90.1 ಹಾಕಿಸಿಕೊಂಡು ಹೋದಳು. ಚಳಿಗಾಲದಲ್ಲಿ ಇಲ್ಲಿ ಸಂಜೆ 6 ಆದಾಗ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅವಳು ಏಳುವುದು ಆ ಹೊತ್ತಿಗೇ. ಹಾಲು ಕಾಯಿಸಲು ಇಟ್ಟು ಫೋನ್ ಹಚ್ಚುತ್ತಾಳೆ. ಮೊನ್ನೆ ನಾನು 76ರಲ್ಲಿ ಸಿಕ್ಕಿಕೊಂಡಿದ್ದಾಗ ಕರೆ ಮಾಡಿದ್ದಳು. ಅವಳ ಹಿಂದೆ ಒಂದು ಡಬಲ್ ಬಾಸ್ ದುಂ ದುಂ ಎನ್ನುತ್ತಿತ್ತು. ನನ್ನ ಕಾರಿನಲ್ಲಿಯೂ ಅದೇ, ಕೆಲವು ಸೆಕೆಂಡು ಮುಂಚೆ.